ಮಗುವಿನ ಸರದಿಗೆ ಕಾಯೋಣ

ಎರಡು ವರ್ಷ ತುಂಬಿದರೂ ಮಗು ಎರಡು ಪದ ಕೂಡಿಸಿ ಮಾತನಾಡದಿದ್ದರೆ ಹೆತ್ತವರಿಗೆ ಆತಂಕ. "ಅವರಪ್ಪನೂ ತಡವಾಗಿಯೇ ಮಾತು ಕಲಿತದ್ದು" ಎಂದು ಅಜ್ಜಿ ಸಮಾಧಾನ ಹೇಳಬಹುದು. ಆದರೂ ಕಾಲಹರಣ ಮಾಡದೆ ಮಗುವಿನ ಕಿವಿ ಪರೀಕ್ಷೆ ಮಾಡಿಸಿ, ವಾಕ್ ಚಿಕಿತ್ಸಕರನ್ನು ಕಾಣುವುದು ಲೇಸು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಈ ಸೇವೆಯಲ್ಲಿದೆ.

ಈ ಚಿಕಿತ್ಸೆಯಲ್ಲಿ ಮಾತೇ ಮದ್ದು. ಚಿಕಿತ್ಸಕಿ ಚಿತ್ರ ತೋರಿಸಿ "ಇದೇನು?" ಎನ್ನುತ್ತಾರೆ. ಮಗು "ನಾಯಿ" ಎನ್ನುತ್ತದೆ. "ಜಾಣ!" ಎಂದು ಮೆಚ್ಚುತ್ತಾರೆ. ಪ್ರಶ್ನೆ, ಉತ್ತರ, ತೀರ್ಪು ಎಂಬ ಈ ಮೂರು ಹಂತಗಳನ್ನು ಶಾಲಾ ತರಗತಿಯ ಮಾತಿನಲ್ಲಿ 1975ರಲ್ಲಿ ಸಿಂಕ್ಲೇರ್ ಮತ್ತು ಕೂಲ್ಟಾರ್ಡ್ ಎಂಬ ಇಂಗ್ಲೆಂಡಿನ ಭಾಷಾವಿದ್ವಾಂಸರು ವಿವರಿಸಿದ್ದರು. ವಾಕ್ ಚಿಕಿತ್ಸೆಯಲ್ಲೂ ಇದು ಸಾಮಾನ್ಯ. ಪದ ಕಲಿಸಲು, ಅಭ್ಯಾಸ ಮಾಡಿಸಲು ಇದು ಬೇಕು. ಆದರೆ ಇಲ್ಲಿ ಮಾತು ಆರಂಭಿಸುವವರೂ ಮುಗಿಸುವವರೂ ದೊಡ್ಡವರೇ. ಮಗು ತಾನಾಗಿ ಕೇಳಲು, "ಬೇಡ" ಎನ್ನಲು, ಸುದ್ದಿ ಹೇಳಲು ಎಡೆ ಕಡಿಮೆ.

ಆದ್ದರಿಂದ ನುರಿತ ಚಿಕಿತ್ಸಕರು ಇನ್ನೊಂದು ದಾರಿಯನ್ನೂ ಹಿಡಿಯುತ್ತಾರೆ. ಮಗುವಿನ ಎದುರು ನೆಲದ ಮೇಲೆ ಕುಳಿತು ಆಡುತ್ತಾರೆ. ಇಷ್ಟದ ಆಟಿಕೆಯನ್ನು ಹೊರಗಿನಿಂದ ಕಾಣುವ ಡಬ್ಬಿಯಲ್ಲಿಟ್ಟು, ಮುಚ್ಚಳ ಬಿಗಿದು, ಸುಮ್ಮನೆ ಕಾಯುತ್ತಾರೆ. ಮಗು "ತಾರು" ಎಂದರೆ ತಪ್ಪು ಎನ್ನುವುದಿಲ್ಲ. "ಕಾರಾ? ತಗೋ, ಕೆಂಪು ಕಾರು" ಎನ್ನುತ್ತಾರೆ. ಸರಿಯಾದ ಉಚ್ಚಾರ ಕಿವಿಗೆ ಬಿತ್ತು, ಒಂದು ಪದವೂ ಹೆಚ್ಚಾಯಿತು. ಎಲ್ಲಕ್ಕಿಂತ ಮಿಗಿಲಾಗಿ, ಮಾತಾಡಿದರೆ ಫಲವುಂಟು ಎಂದು ಮಗುವಿಗೆ ತಿಳಿಯಿತು.

ಎಡವುವವರು ಹೆಚ್ಚಾಗಿ ನಾವೇ. ಆ ಮೌನವನ್ನು ತಾಳಲಾರದೆ "ಆಂಟಿಗೆ ಹೇಳು ಪುಟ್ಟಾ, ಕಾರು ಅನ್ನು" ಎಂದು ನಡುವೆ ಬಾಯಿ ಹಾಕುತ್ತೇವೆ. ಪಾರ್ಶ್ವವಾಯುವಿನಿಂದ ಮಾತು ಕುಂದಿದ ಅಜ್ಜನ ಪರವಾಗಿಯೂ ನಾವೇ ಉತ್ತರಿಸಿಬಿಡುತ್ತೇವೆ. ಪ್ರೀತಿಯಿಂದಲೇ ಅವರ ಸರದಿಯನ್ನು ಕಸಿದುಕೊಳ್ಳುತ್ತೇವೆ.

ಮನೆಯಲ್ಲಿ ಪಾಲಿಸಬೇಕಾದ ಮೂರು ಮಾತುಗಳು:

1. ಕೇಳಿದ ಮೇಲೆ ಮನಸ್ಸಿನಲ್ಲೇ ಐದರವರೆಗೆ ಎಣಿಸಿ ಕಾಯಿರಿ.

2. ನೆಂಟರ ಮುಂದೆ ಪರೀಕ್ಷೆ ಮಾಡಬೇಡಿ. ಅನ್ನ ಉಣಿಸುವಾಗ, ಸ್ನಾನ ಮಾಡಿಸುವಾಗ ಮಾಡುತ್ತಿರುವುದನ್ನೇ ಮಾತಾಗಿ ಹೇಳಿ.

3. ಮಗು ಬೆರಳು ತೋರಿದರೂ ಅದನ್ನು ಮಾತೆಂದೇ ಎಣಿಸಿ ಉತ್ತರಿಸಿ.

ಮಾರ್ಕನ ಶುಭಸಂದೇಶದ ಏಳನೆಯ ಅಧ್ಯಾಯದಲ್ಲಿ, ಕಿವುಡನೂ ತೊದಲನೂ ಆದವನನ್ನು ಯೇಸುಸ್ವಾಮಿ ಜನಜಂಗುಳಿಯಿಂದ ಬದಿಗೆ ಕರೆದೊಯ್ದರು. ಗುಣಪಡಿಸಿದ್ದು ಆ ಮೇಲೆ. ನಮ್ಮ ಮನೆಯಲ್ಲಿ ನಿಧಾನವಾಗಿ ಮಾತನಾಡುವವರಿಗೆ ಅಂಥ ಬಿಡುವು ಸಿಗುತ್ತಿದೆಯೇ? ಇಂದು ರಾತ್ರಿ ಊಟಕ್ಕೆ ಕುಳಿತಾಗ ಗಮನಿಸೋಣ.