ಉಳಿದುಕೊಂಡ ಪ್ರಯೋಗಶಾಲೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ - ಈ ಸೀಮೆಯ ಮಕ್ಕಳಿಗೆ ಸುಣ್ಣದಕಲ್ಲನ್ನು ಯಾರೂ ಪರಿಚಯ ಮಾಡಿಕೊಡಬೇಕಾಗಿಲ್ಲ. ಮನೆಯ ನೆಲಕ್ಕೆ ಹಾಸಿರುವುದು ಶಹಾಬಾದದ ಫರಸಿ. ವಾಡಿಯ ಸಿಮೆಂಟು ಕಾರ್ಖಾನೆಯಲ್ಲಿ ಅರೆದು ಸುಡುವುದೂ ಸುಣ್ಣದಕಲ್ಲನ್ನೇ. ಆ ಕಲ್ಲಿನ ಮೇಲೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದ ನಾಲ್ಕು ಹನಿಗಳನ್ನು ಬಿಟ್ಟರೆ ನೊರೆ ಉಕ್ಕುತ್ತದೆ. ಕಾರ್ಬನ್ ಡೈಆಕ್ಸೈಡ್ ಅನಿಲ ಹೊರಬೀಳುತ್ತದೆ. ಅದನ್ನೇ ಜೇಡಿಮಣ್ಣಿನೊಡನೆ ಬೆರೆಸಿ ಸುಮಾರು 1450 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಟ್ಟರೆ ಸಿಮೆಂಟಿಗೆ ಮೂಲವಾದ ಗಟ್ಟಿ ಉಂಡೆಗಳು ದೊರೆಯುತ್ತವೆ. ರಸಾಯನಶಾಸ್ತ್ರವು ನಮ್ಮ ಹೊಸ್ತಿಲಲ್ಲಿಯೇ ಬಿದ್ದುಕೊಂಡಿದೆ ಎಂದರೆ ಅತಿಶಯವಾಗದು.

ಆದರೆ ಹೊಸ್ತಿಲಲ್ಲಿರುವುದನ್ನು ಬಲ್ಲವರಿಂದ ಕಲಿಯಲು ಒಂದು ಸ್ಥಳ ಬೇಕು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವು ಸ್ಥಾಪನೆಯಾಗುವ ಮುನ್ನ ಈ ಭಾಗದ ಕಾಲೇಜುಗಳು ದೂರದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ವಿದ್ಯೆ ಹತ್ತಿರ ಬಂದುದರ ಬೆಲೆಯನ್ನು ಅರಿಯಬೇಕಾದರೆ ಚಿಂಚೋಳಿಯ ಒಬ್ಬ ಒಕ್ಕಲಿಗನ ಮನೆಯ ಲೆಕ್ಕವನ್ನು ನೋಡಬೇಕು. ಮಗನನ್ನೋ ಮಗಳನ್ನೋ ಕಲಬುರಗಿಗೆ ಕಳುಹಿಸುವುದು ಅವನಿಗೆ ಕಷ್ಟಸಾಧ್ಯ. ಅದಕ್ಕಿಂತ ದೂರ ಕಳುಹಿಸುವುದು ಅನೇಕ ವೇಳೆ ಅಸಾಧ್ಯ. ಹೀಗಿರುವಾಗ, ಇದ್ದ ವಿಭಾಗವೊಂದನ್ನು ಖರ್ಚು ಹೆಚ್ಚಾಯಿತೆಂದು ಮುಚ್ಚುತ್ತೇವೆ ಎಂದರೆ ಅಲ್ಲಿ ಓದುವವರು ಏನು ಮಾಡಬೇಕು? ಈ ಪ್ರಶ್ನೆಯನ್ನು 2006ರಲ್ಲಿ ಇಂಗ್ಲೆಂಡಿನ ಕೆಲವು ವಿದ್ಯಾರ್ಥಿಗಳು ಎದುರಿಸಿದರು. ಸಿರಿವಂತ ದೇಶಗಳಲ್ಲಿ ಇಂಥದು ನಡೆಯದೆಂದು ನಾವು ಭಾವಿಸುವುದುಂಟು. ಆ ಭಾವನೆ ಸರಿಯಲ್ಲ.

ಇಂಗ್ಲೆಂಡಿನ ದಕ್ಷಿಣ ಕಡಲತೀರದಲ್ಲಿ ಬ್ರೈಟನ್ ಎಂಬ ನಗರವಿದೆ. ಅದರ ಹೊರವಲಯದಲ್ಲಿ 1961ರಲ್ಲಿ ಸಸೆಕ್ಸ್ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ವಯಸ್ಸಿನಲ್ಲಿ ಚಿಕ್ಕದಾದರೂ ಅದರ ರಸಾಯನಶಾಸ್ತ್ರ ವಿಭಾಗವು ಬಹುಬೇಗ ಹೆಸರು ಗಳಿಸಿತು. 1967ರಲ್ಲಿ ಹ್ಯಾರಿ ಕ್ರೋಟೊ ಎಂಬ ತರುಣ ಅಧ್ಯಾಪಕರು ಅಲ್ಲಿಗೆ ಬಂದರು. ಇಂಗಾಲದ ಪರಮಾಣುಗಳು ಸರಪಣಿಯಂತೆ ಜೋಡಿಸಿಕೊಂಡ ಅಣುಗಳಲ್ಲಿ ಅವರಿಗೆ ಆಸಕ್ತಿ. ಅಂಥ ಒಂದು ಅಣುವನ್ನು ಅವರ ವಿಭಾಗದಲ್ಲಿ ಮೊದಲು ತಯಾರಿಸಿದವನು ಹಿರಿಯ ವಿಜ್ಞಾನಿಯಲ್ಲ; ಪದವಿ ತರಗತಿಯಲ್ಲಿ ಓದುತ್ತಿದ್ದ ಒಬ್ಬ ವಿದ್ಯಾರ್ಥಿ. ಅವನು ಮಾಡಿದ ಅಣುವಿನ ಗುರುತನ್ನು ಇಟ್ಟುಕೊಂಡು, 1975ರಲ್ಲಿ ಕೆನಡಾದ ರೇಡಿಯೋ ದೂರದರ್ಶಕದ ಮೂಲಕ ಹುಡುಕಿದಾಗ, ಅದೇ ಅಣು ನಮ್ಮ ಆಕಾಶಗಂಗೆಯ ನಡುಭಾಗದ ಸಮೀಪದಲ್ಲಿರುವ ಮೋಡವೊಂದರಲ್ಲಿ ಸಿಕ್ಕಿತು!

ಇಂಥ ಸರಪಣಿಗಳು ನಕ್ಷತ್ರಗಳ ಸುತ್ತ ಹೇಗೆ ಹುಟ್ಟುತ್ತವೆ ಎಂದು ತಿಳಿಯುವ ಆಸೆಯಿಂದ ಕ್ರೋಟೊ 1985ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರಕ್ಕೆ ಹೋದರು. ಅಲ್ಲಿ ರಿಚರ್ಡ್ ಸ್ಮಾಲಿ ಮತ್ತು ರಾಬರ್ಟ್ ಕರ್ಲ್ ಎಂಬ ವಿಜ್ಞಾನಿಗಳೊಡನೆ ಸೇರಿ ಗ್ರಾಫೈಟಿನ ಮೇಲೆ ಲೇಸರ್ ಕಿರಣವನ್ನು ಹಾಯಿಸಿದರು. ಯಂತ್ರದ ಮುಂದೆ ಕುಳಿತು ದುಡಿದವರಲ್ಲಿ ಅಲ್ಲಿನ ಸಂಶೋಧನಾ ವಿದ್ಯಾರ್ಥಿಗಳೇ ಮುಖ್ಯರು. ಅವರು ಹುಡುಕುತ್ತಿದ್ದುದು ಸರಪಣಿ, ದೊರೆತದ್ದು ಚೆಂಡು. ಅರವತ್ತು ಇಂಗಾಲದ ಪರಮಾಣುಗಳು ಸೇರಿ ಆದ, ಹನ್ನೆರಡು ಪಂಚಕೋನಗಳೂ ಇಪ್ಪತ್ತು ಷಟ್ಕೋನಗಳೂ ಉಳ್ಳ ಗೋಳಾಕಾರದ ಅಣು ಅದು. ಹೊಲಿಗೆಯ ಕಾಲ್ಚೆಂಡೊಂದನ್ನು ಕೈಯಲ್ಲಿ ಹಿಡಿದು ಅದರ ತುಂಡುಗಳನ್ನು ಎಣಿಸಿ ನೋಡಿರಿ, ಲೆಕ್ಕ ಸರಿಹೋಗುತ್ತದೆ. ಈ ಶೋಧಕ್ಕಾಗಿ ಮೂವರಿಗೂ 1996ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ನೊಬೆಲ್ ಬಂದು ಹತ್ತು ವರ್ಷಗಳು ತುಂಬುವ ಮೊದಲೇ, 2006ರ ಮಾರ್ಚ್ ತಿಂಗಳಲ್ಲಿ, ರಸಾಯನಶಾಸ್ತ್ರದ ಬೋಧನೆಯನ್ನು ನಿಲ್ಲಿಸುವ ಯೋಜನೆಯನ್ನು ಸಸೆಕ್ಸ್ ವಿಶ್ವವಿದ್ಯಾನಿಲಯದ ಆಡಳಿತವರ್ಗವು ಪ್ರಕಟಿಸಿತು. ಜೀವವಿಜ್ಞಾನಕ್ಕೆ ಹತ್ತಿರವಾದ ಒಂದಂಶವನ್ನು ಮಾತ್ರ ಉಳಿಸಿಕೊಳ್ಳುವುದು ಅದರ ಉದ್ದೇಶವಾಗಿತ್ತು.

ಆಡಳಿತವರ್ಗವನ್ನು ಖಳರ ಕೂಟವೆಂದು ಬಗೆದರೆ ನಮಗೆ ವಿಷಯ ಅರ್ಥವಾಗುವುದಿಲ್ಲ. ಅವರ ಕೈಯಲ್ಲೂ ಒಂದು ಲೆಕ್ಕವಿತ್ತು. ಇತಿಹಾಸವನ್ನು ಕಲಿಸಲು ಕೊಠಡಿ, ಪುಸ್ತಕ, ಗುರು ಇದ್ದರೆ ಬಹುಮಟ್ಟಿಗೆ ಸಾಕು. ರಸಾಯನಶಾಸ್ತ್ರಕ್ಕೆ ಇವುಗಳ ಮೇಲೆ ಅನಿಲದ ಕೊಳವೆ, ಹೊಗೆಯನ್ನು ಹೊರಗೆಳೆಯುವ ಗೂಡು, ದುಬಾರಿ ಉಪಕರಣ, ಪ್ರತಿವರ್ಷ ತೀರಿಹೋಗುವ ರಾಸಾಯನಿಕಗಳು ಬೇಕು. ಆದ್ದರಿಂದ ಇಂಗ್ಲೆಂಡಿನಲ್ಲಿ ಸಾಮಾನ್ಯ ವಿದ್ಯಾರ್ಥಿಯೊಬ್ಬನಿಗೆ ಸರ್ಕಾರದಿಂದ ಒಂದು ಪಾಲು ಅನುದಾನ ಬಂದರೆ ಪ್ರಯೋಗಶಾಲೆಯ ವಿದ್ಯಾರ್ಥಿಗೆ ಎರಡು ಪಾಲು ಬರುತ್ತಿತ್ತು. 2004ರಲ್ಲಿ ಆ ಎರಡನ್ನು 1.7ಕ್ಕೆ ಇಳಿಸಿದರು. ಸಂಶೋಧನೆಯ ಹಣವಾದರೂ ಅತ್ಯುಚ್ಚ ಶ್ರೇಣಿಯ ವಿಭಾಗಗಳ ಕಡೆಗೇ ಹರಿಯತೊಡಗಿತು. ದಶಮಾಂಶ ಚಿಹ್ನೆಯ ಆಚೀಚೆ ನಡೆದ ಈ ಸಣ್ಣ ಬದಲಾವಣೆಯಿಂದ ಎಷ್ಟೋ ಪ್ರಯೋಗಶಾಲೆಗಳ ಬಾಗಿಲು ಅಲುಗಾಡಿತು. ಲಂಡನ್ನಿನ ಕಿಂಗ್ಸ್ ಕಾಲೇಜಿನ ರಸಾಯನಶಾಸ್ತ್ರ ವಿಭಾಗವು 2003ರಲ್ಲಿಯೇ ಮುಚ್ಚಿತ್ತು. 2004ರ ಕೊನೆಯಲ್ಲಿ ಎಕ್ಸೆಟರ್ ವಿಶ್ವವಿದ್ಯಾನಿಲಯವೂ ಅದೇ ತೀರ್ಮಾನವನ್ನು ಕೈಗೊಂಡಿತು. ಅಲ್ಲಿಯ ವಿದ್ಯಾರ್ಥಿಗಳು ಪ್ರತಿಭಟಿಸಿದರು. ಆ ವಿಶ್ವವಿದ್ಯಾನಿಲಯ ತಮಗಿತ್ತಿದ್ದ ಗೌರವ ಪದವಿಯನ್ನು ಹಿಂದಿರುಗಿಸುವುದಾಗಿ ಕ್ರೋಟೊ ಸಾರಿದರು. ಆದರೂ ಎಕ್ಸೆಟರಿನ ವಿಭಾಗವು ಉಳಿಯಲಿಲ್ಲ.

ಸಸೆಕ್ಸಿನ ವಿದ್ಯಾರ್ಥಿಗಳು ಇದನ್ನೆಲ್ಲ ಬಲ್ಲವರಾಗಿದ್ದರು. ಪ್ರತಿಭಟಿಸಿದವರೆಲ್ಲ ಗೆಲ್ಲುವುದಿಲ್ಲವೆಂಬುದಕ್ಕೆ ಸಾಕ್ಷಿ ಅವರ ಕಣ್ಣ ಮುಂದೆಯೇ ಇತ್ತು. ಹೀಗಿದ್ದೂ ಅವರು ಸುಮ್ಮನೆ ಕೂರಲಿಲ್ಲ. ವಿಶ್ವವಿದ್ಯಾನಿಲಯದ ಆವರಣದಲ್ಲಿ ಪ್ರದರ್ಶನ ನಡೆಸಿದರು. ಪಾರ್ಲಿಮೆಂಟಿನ ಸದಸ್ಯರಿಗೆ ಪತ್ರಗಳನ್ನು ಬರೆದರು. ಪತ್ರಿಕೆಗಳ ಗಮನ ಸೆಳೆದರು. ಅಧ್ಯಾಪಕರೂ ಅವರ ಜೊತೆಗೂಡಿದರು. ಆ ವೇಳೆಗಾಗಲೇ ಅಮೆರಿಕದಲ್ಲಿ ನೆಲೆಸಿದ್ದ ಕ್ರೋಟೊ ಅಲ್ಲಿಂದಲೇ ದನಿಗೂಡಿಸಿದರು.

ನನ್ನ ಮನಸ್ಸಿಗೆ ಹಿಡಿಸಿದ್ದು ಅವರ ಕೂಗಿಗಿಂತ ಅವರ ಪಕ್ಷದ ವಾದ. ನಮ್ಮ ವಿಭಾಗ ನಮಗೆ ಪ್ರಿಯವಾದದ್ದು, ಆದ್ದರಿಂದ ಮುಚ್ಚಬೇಡಿರಿ ಎಂದಷ್ಟೇ ಹೇಳಿದ್ದರೆ ಯಾರು ಕಿವಿಗೊಡುತ್ತಿದ್ದರು? ಸಂಶೋಧನೆಯಲ್ಲಿ ಈ ವಿಭಾಗವು ಉನ್ನತ ಶ್ರೇಣಿಯನ್ನು ಪಡೆದಿದೆ, ಇಲ್ಲಿಗೆ ಸೇರಲು ಬರುವ ಅರ್ಜಿಗಳು ಕಡಿಮೆಯಾಗುವ ಬದಲು ಏರುತ್ತಿವೆ ಎಂದು ಅವರು ತೋರಿಸಿಕೊಟ್ಟರು. ಆಡಳಿತವರ್ಗದ ಲೆಕ್ಕಕ್ಕೆ ಲೆಕ್ಕದಿಂದಲೇ ಉತ್ತರ ಹೇಳಿದರು. ಇನ್ನೊಂದು ಮಾತೂ ಆಗ ಚರ್ಚೆಗೆ ಬಂತು. ಒಂದೊಂದು ಪ್ರಾಂತದಲ್ಲಿಯೂ ಮೂಲವಿಜ್ಞಾನವನ್ನು ಕಲಿಯಲು ಒಂದು ತಾಣ ಇರಬೇಡವೆ? ಮನೆಯ ಹತ್ತಿರವೇ ಇದ್ದು ಓದಬೇಕಾದ ಬಡ ವಿದ್ಯಾರ್ಥಿಯ ಗತಿಯೇನು? ಒಂದೊಂದು ವಿಶ್ವವಿದ್ಯಾನಿಲಯವೂ ತನ್ನ ಹಣದ ಪೆಟ್ಟಿಗೆಯನ್ನಷ್ಟೇ ನೋಡಿಕೊಂಡು ವಿಭಾಗಗಳನ್ನು ಮುಚ್ಚುತ್ತ ಹೋದರೆ ಇಡೀ ದೇಶದ ಲೆಕ್ಕವನ್ನು ನೋಡುವವರು ಯಾರು? ಕಲಬುರಗಿಯ ಮಾತನ್ನೇ ಬ್ರೈಟನ್ನಿನವರು ಆಡಿದಂತೆ ತೋರುತ್ತದೆ.

ವಿಷಯವು ಬ್ರಿಟನ್ನಿನ ಪಾರ್ಲಿಮೆಂಟನ್ನು ಮುಟ್ಟಿತು. ಕೆಳಮನೆಯ ವಿಜ್ಞಾನ ಮತ್ತು ತಂತ್ರಜ್ಞಾನ ಸಮಿತಿಯು ಅದೇ ಮಾರ್ಚ್ ತಿಂಗಳಲ್ಲಿ ಸಂಬಂಧಪಟ್ಟವರನ್ನು ಕರೆಸಿ ಪ್ರಶ್ನಿಸಿತು. ಇತ್ತ ವಿಶ್ವವಿದ್ಯಾನಿಲಯದ ಸೆನೆಟ್ ಸಭೆಯು ಯೋಜನೆಗೆ ಒಮ್ಮೆಲೇ ಒಪ್ಪಿಗೆಯ ಮುದ್ರೆ ಒತ್ತದೆ, ಬೇರೆ ದಾರಿಗಳನ್ನೂ ಪರಿಶೀಲಿಸಬೇಕೆಂದಿತು. ಮೇ ತಿಂಗಳಿನಲ್ಲಿ ಹೊಸ ತೀರ್ಮಾನ ಹೊರಬಿದ್ದಿತು: ರಸಾಯನಶಾಸ್ತ್ರವನ್ನು ಮುಚ್ಚುವುದಿಲ್ಲ, ಜೀವರಸಾಯನಶಾಸ್ತ್ರವನ್ನು ಅದರೊಡನೆ ಕೂಡಿಸಿ ವಿಭಾಗವನ್ನು ಮುಂದುವರಿಸಲಾಗುವುದು. ಬಯಸಿದ್ದೆಲ್ಲವೂ ದೊರೆತ ಗೆಲುವು ಇದಲ್ಲ. ಆದರೆ ಪ್ರಯೋಗಶಾಲೆಯ ಬಾಗಿಲು ತೆರೆದೇ ಉಳಿಯಿತು.

ಮುಚ್ಚಿದ ಪ್ರಯೋಗಶಾಲೆಯನ್ನು ಮತ್ತೆ ತೆರೆಯುವುದು ಅಂಗಡಿಯ ಬೀಗ ತೆಗೆದಷ್ಟು ಸುಲಭವಲ್ಲ. ಉಪಕರಣಗಳು ಮಾರಾಟವಾಗಿರುತ್ತವೆ, ನುರಿತ ಅಧ್ಯಾಪಕರು ಊರು ಬಿಟ್ಟಿರುತ್ತಾರೆ, ಕೊಠಡಿಗಳು ಬೇರೆಯವರ ಪಾಲಾಗಿರುತ್ತವೆ. ಕಿಂಗ್ಸ್ ಕಾಲೇಜಿನವರು ತಾವು 2003ರಲ್ಲಿ ಮುಚ್ಚಿದ ವಿಭಾಗವನ್ನು ಸುಮಾರು ಹತ್ತು ವರ್ಷಗಳ ಬಳಿಕ ಹೊಸದಾಗಿ ಕಟ್ಟಿದರು. 2004ರಲ್ಲಿ ರಸಾಯನಶಾಸ್ತ್ರವನ್ನು ಕೈಬಿಟ್ಟಿದ್ದ ವೇಲ್ಸ್ ನಾಡಿನ ಸ್ವಾನ್ಸೀ ವಿಶ್ವವಿದ್ಯಾನಿಲಯವೂ ಒಂದು ದಶಕಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಅದನ್ನು ಮತ್ತೆ ಕಲಿಸತೊಡಗಿತು. ನಡುವಿನ ವರ್ಷಗಳಲ್ಲಿ ಅಲ್ಲಿ ಓದಬೇಕಾಗಿದ್ದವರು ಎಲ್ಲಿಗೆ ಹೋದರೋ! ಸಸೆಕ್ಸಿನಲ್ಲಿ ಮಾತ್ರ, 2006ರ ಬೇಸಿಗೆಯ ರಜೆ ಮುಗಿದ ಮೇಲೆ, ರಸಾಯನಶಾಸ್ತ್ರದ ಪಾಠಗಳು ಎಂದಿನಂತೆ ಆರಂಭವಾದವು.