ಕೂರುವ ಚಿಂತೆ ಬಿಡಿ, ಕಾಲಿನ ಬಿಗಿ ನೋಡಿ

ಪ್ರಶ್ನೆ: ನಾನು ಗುಂಡ್ಲುಪೇಟೆ ತಾಲ್ಲೂಕಿನ ಹಳ್ಳಿಯವಳು. ಮಗ 30 ವಾರಕ್ಕೇ ಹುಟ್ಟಿದ, ತೂಕ 1,250 ಗ್ರಾಂ. ತಿಂಗಳ ಮೇಲೆ ಪೆಟ್ಟಿಗೆಯಲ್ಲಿಟ್ಟಿದ್ದರು. ನೆತ್ತಿಯ ಮೇಲೆ ಸ್ಕ್ಯಾನ್ ಮಾಡಿ, ಮೆದುಳಿನ ಬಿಳಿ ಭಾಗಕ್ಕೆ ಪೆಟ್ಟಾಗಿದೆ ಅಂದರು. ಈಗ ಏಳು ತಿಂಗಳು, ಕೂರುತ್ತಿಲ್ಲ. ಇದೇ ವಯಸ್ಸಿಗೆ ನಾದಿನಿಯ ಮಗು ಕೂತಿತ್ತು. ಬಸಿರಿನ ಆರನೇ ತಿಂಗಳಲ್ಲಿ ಚೆಂಡುಹೂ ಬಿಡಿಸಲು ಹೋಗಿದ್ದಕ್ಕೇ ಹೀಗಾಯ್ತು ಅಂತಾರೆ ಅತ್ತೆ. ಡಾಕ್ಟರು ಫಿಸಿಯೋಥೆರಪಿಗೆ ಚಾಮರಾಜನಗರಕ್ಕೆ ಹೋಗಿ ಅಂದಿದ್ದಾರೆ. ಮನೆಯಲ್ಲಿ, 'ಇವರಪ್ಪನೂ ತಡವಾಗೇ ನಡೆದಿದ್ದು, ಸುಮ್ನಿರು' ಅಂತಾರೆ. ಬಟ್ಟೆ ಬದಲಿಸುವಾಗ ಕಾಲು ಬಿಗಿ ಹಿಡಿಯುತ್ತಾನೆ, ಎತ್ತಿಕೊಂಡರೆ ಒಂದರ ಮೇಲೊಂದು ಹೆಣೆದುಕೊಳ್ಳುತ್ತಾನೆ. ಸರಿಹೋಗುತ್ತಾನಾ?

ಉತ್ತರ: ನೋಡಿ ತಾಯಿ, ಕೂರುವುದರ ಬಗ್ಗೆ ಅಷ್ಟು ಬರೆದು ಕಾಲಿನ ಮಾತನ್ನು ಕೊನೆಗೆ ಸೇರಿಸಿದ್ದೀರಿ. ನನಗೆ ಆ ಕೊನೆಯ ಮಾತೇ ಮುಖ್ಯ.

ಕೂರುವ ಲೆಕ್ಕ ಮೊದಲು ಮುಗಿಸೋಣ. 40 ವಾರ ತುಂಬಬೇಕಿದ್ದವನು 10 ವಾರ ಮುಂಚೆ ಬಂದ. ಎರಡು ವರ್ಷ ಆಗುವವರೆಗೂ ಬೆಳವಣಿಗೆ ಅಳೆಯುವಾಗ ಆ 10 ವಾರ ಕಳೆಯಬೇಕು. ಹಾಗೆ ನೋಡಿದರೆ ಅವನಿಗಿನ್ನೂ ಐದು ತಿಂಗಳು ತುಂಬಿಲ್ಲ. ಐದು ತಿಂಗಳೊಳಗೆ ಯಾವ ಕೂಸು ತಾನಾಗಿ ಕೂತೀತು? (ಲಸಿಕೆಗೆ ಮಾತ್ರ ಹುಟ್ಟಿದ ದಿನದ್ದೇ ಲೆಕ್ಕ.) ನಾದಿನಿಯ ಮಗುವನ್ನು ಅದರ ಪಾಡಿಗೆ ಬಿಡಿ.

ಕಾಲಿನ ಬಿಗಿಗೆ ಈ ರಿಯಾಯಿತಿ ಇಲ್ಲ.

ಬಿಳಿ ಭಾಗವೆಂದರೆ ನರತಂತುಗಳ ಕಟ್ಟು. ಆ ತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಸುತ್ತುವ ಕೋಶಗಳಿಗೆ ಆಲಿಗೊಡೆಂಡ್ರೊಸೈಟ್ ಎಂದು ಹೆಸರು. ಬಸಿರಿನ 23ರಿಂದ 32ನೇ ವಾರದವರೆಗೆ ಅವು ಹೊದಿಕೆ ಸುತ್ತುವ ಹದಕ್ಕೆ ಬಂದಿರುವುದಿಲ್ಲ. ಆಮ್ಲಜನಕ ಕಡಿಮೆಯಾದರೂ ನಲುಗುತ್ತವೆ, ಸೋಂಕಿನ ಉರಿಯೂತ ತಟ್ಟಿದರೂ ನಲುಗುತ್ತವೆ. ಮೆದುಳಿನ ಕುಹರಗಳ ಅಂಚು ಆಗ ನಾಲೆಯ ಕೊನೆಯ ಗದ್ದೆ ಇದ್ದ ಹಾಗೆ: ರಕ್ತದೊತ್ತಡ ಇಳಿದರೆ ಮೊದಲು ಸೊರಗುವುದು ಅದೇ. ಕಾಲಿಗೆ ಹೋಗುವ ತಂತುಗಳು ಆ ಅಂಚಿನ ಪಕ್ಕದಲ್ಲೇ ಹಾದುಹೋಗುತ್ತವೆ, ಕೈಯವು ಕೊಂಚ ದೂರ. ಕೈಗಿಂತ ಕಾಲಿಗೇ ಬಿಗಿ ಬರುವುದು ಅದಕ್ಕೇ. ದಿನ ತುಂಬದೆ ಹುಟ್ಟಿದ ಮಕ್ಕಳ ಕಾಲು ಹೀಗೆ ಬಿಗಿಯುವುದನ್ನು ಲಂಡನ್ನಿನ ವೈದ್ಯ ವಿಲಿಯಂ ಲಿಟ್ಲ್ 1862ರಲ್ಲೇ ಬರೆದಿದ್ದರು. ಅದರಲ್ಲಿ ಚೆಂಡುಹೂವಿನ ಹೊಲದ ಸುದ್ದಿ ಇರಲಿಲ್ಲ! ಹೂ ಬಿಡಿಸಿದ್ದರಿಂದ ಮಗುವಿನ ಮೆದುಳಿಗೆ ಪೆಟ್ಟಾಗುವುದಿಲ್ಲ. ಸೋಂಕು, ಬಿಪಿ, ಅವಳಿ, ಹೀಗೆ ಬೇಗ ಹೆರಿಗೆಯಾಗಲು ಕಾರಣ ಹಲವು. ಎಷ್ಟೋ ಸಲ ಕಾರಣ ಗೊತ್ತಾಗುವುದೇ ಇಲ್ಲ.

ಪೆಟ್ಟು ಎಂದರೆ ಕೋಶಗಳೆಲ್ಲ ಸತ್ತು ಗುಳಿ ಬೀಳುವುದೆಂದು ಹಿಂದೆ ತಿಳಿದಿದ್ದರು. ಅಂಥ ಗುಳಿಗಳು ಈಗ ಅಪರೂಪವಾಗುತ್ತಿವೆ. ಹೆಚ್ಚಿನ ಮಕ್ಕಳಲ್ಲಿ ಸತ್ತವುಗಳ ಜಾಗಕ್ಕೆ ಹೊಸ ಕೋಶಗಳು ಹುಟ್ಟುತ್ತವೆ, ಆದರೆ ಬಲಿಯದೆ ಎಳಸಾಗಿಯೇ ನಿಂತುಬಿಡುತ್ತವೆ. ಅವನ್ನು ಬಲಿಸುವ ಔಷಧಿಗಾಗಿ ಸಂಶೋಧನೆ ನಡೆದಿದೆಯೇ ಹೊರತು ಅಂಗಡಿಯಲ್ಲಿ ಸಿಗುವಂಥದ್ದು ಯಾವುದೂ ಇಲ್ಲ. ಮೆದುಳಿನ ಟಾನಿಕ್ಕಿಗೆ ದುಡ್ಡು ಸುರಿಯಬೇಡಿ.

ಸರಿಹೋಗುತ್ತಾನಾ ಅಂದಿರಿ. ಒಂದು ಸ್ಕ್ಯಾನ್ ನೋಡಿ ಯಾರೂ ಹೇಳಲಾರರು. ಕೆಲವು ಮಕ್ಕಳಲ್ಲಿ ಬಿಗಿ ವರ್ಷದೊಳಗೆ ಸಡಿಲಾಗುತ್ತದೆ, ಕೆಲವರಲ್ಲಿ ಸೆರೆಬ್ರಲ್ ಪಾಲ್ಸಿಯಾಗಿ ಉಳಿಯುತ್ತದೆ. ಉಳಿದರೂ, ಮುಖ್ಯವಾಗಿ ಕಾಲಿಗೇ ಬಿಗಿ ಇರುವವರಲ್ಲಿ ಬಹುಪಾಲು ನಡೆಯುತ್ತಾರೆ, ಕೆಲವರು ಆಸರೆ ಹಿಡಿದು. ಕಾದು ನೋಡೋಣ ಎಂಬ ಮನೆಯವರ ಮಾತನ್ನು ಮಾತ್ರ ನಾನು ಒಪ್ಪಲಾರೆ. ಮೆದುಳು ಬಿರುಸಾಗಿ ಬೆಳೆಯುವುದೇ ಮೊದಲ ಎರಡು ವರ್ಷ. ಬಿಗಿದ ಸ್ನಾಯುವನ್ನು ಹಾಗೇ ಬಿಟ್ಟರೆ ಗಿಡ್ಡವಾಗಿ ಸೊಂಟದ ಕೀಲನ್ನೂ ಎಳೆಯುತ್ತದೆ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಇಂಥ ಮಕ್ಕಳಿಗೆಂದೇ ಜಿಲ್ಲಾ ಮಟ್ಟದಲ್ಲಿ ಡಿಇಐಸಿ ಎಂಬ ಕೇಂದ್ರವಿರುತ್ತದೆ, ಚಿಕಿತ್ಸೆ ಉಚಿತ. ಆಶಾ ಕಾರ್ಯಕರ್ತೆಗೆ ಹೇಳಿ, ದಾರಿ ತೋರಿಸುತ್ತಾರೆ. ಡಿಸ್ಚಾರ್ಜ್ ಕಾರ್ಡು, ಸ್ಕ್ಯಾನ್ ರಿಪೋರ್ಟು, ತಾಯಿ ಕಾರ್ಡು ಮೂರನ್ನೂ ಒಯ್ಯಿರಿ. ಕಣ್ಣಿನ ಪರದೆ ನೋಡಿದ್ದಾರೆಯೇ, ಕಿವಿ ಪರೀಕ್ಷೆ ಆಗಿದೆಯೇ ಕೇಳಿ. ಕಿವಿಯದು ಆಗಿಲ್ಲದಿದ್ದರೆ ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋಗಬಹುದು. ವಾಕರ್ ತರಬೇಡಿ, ಬೆರಳ ತುದಿಯಲ್ಲಿ ನಿಲ್ಲುವ ಚಾಳಿ ಬೀಳುತ್ತದೆ.

ಇನ್ನೊಂದು ವಿಷಯಕ್ಕೆ ಗಡುವು ಗಂಟೆಗಳದ್ದು. ನಿದ್ದೆಯಿಂದ ಎದ್ದಾಗ ಮಗು ತಲೆ ಬಾಗಿಸಿ, ಕೈ ಚಾಚಿ, ಮೇಲಿಂದ ಮೇಲೆ ಬೆಚ್ಚಿದರೆ ದೃಷ್ಟಿ ತೆಗೆಯುತ್ತ ಕೂರಬೇಡಿ. ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಅಂದೇ ಮಕ್ಕಳ ಡಾಕ್ಟರಿಗೆ ತೋರಿಸಿ. ಅದು ಒಂದು ಬಗೆಯ ಫಿಟ್ಸ್ ಇರಬಹುದು.

ತೆರಕಣಾಂಬಿ ಮೇಲೆ ಚಾಮರಾಜನಗರಕ್ಕೆ ಹೋಗುವ ಬಸ್ಸು ಹತ್ತುವಾಗ ಅತ್ತೆಯವರನ್ನೂ ಕರೆದುಕೊಳ್ಳಿ. ಕಾಲು ಬಿಡಿಸುವ ಕ್ರಮ, ಎತ್ತಿಕೊಳ್ಳುವಾಗ ಎರಡೂ ಕಾಲು ಅಗಲಿಸಿ ಸೊಂಟದ ಮೇಲೆ ಕೂರಿಸುವ ರೀತಿ, ಇವನ್ನು ದಿನಕ್ಕೆ ಹಲವು ಸಲ ಮನೆಯಲ್ಲೇ ಮಾಡಬೇಕು. ಎಣ್ಣೆ ಹಚ್ಚಿ ನೀರು ಹಾಕುವವರು ಅವರೇ ಆಗಿದ್ದರೆ, ಥೆರಪಿಸ್ಟ್ ಮೊದಲು ಅವರ ಕೈಗೇ ಕಲಿಸಲಿ.