ಬೆಂಕಿ ಗೆರೆ

ಮಾದೇವಿ ಐದನೆಯ ತರಗತಿಯ ಹುಡುಗಿ. ಅವಳ ಊರು ತಮಿಳುನಾಡಿನ ಈರೋಡು ಜಿಲ್ಲೆಯ ತಾಳವಾಡಿ ಸೀಮೆಯಲ್ಲಿದೆ. ಊರಿನ ಹೊಲಗಳು ಮುಗಿಯುವಲ್ಲಿ ಕಾಡು ಆರಂಭವಾಗುತ್ತದೆ. ಅದು ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ. ಆನೆ, ಹುಲಿ, ಕಾಡೆಮ್ಮೆ, ಜಿಂಕೆಗಳು ಅಲ್ಲಿ ವಾಸಿಸುತ್ತವೆ. ಮಾದೇವಿಯ ಅಪ್ಪ ಮಳೆಗಾಲದಲ್ಲಿ ರಾಗಿ ಬೆಳೆಯುತ್ತಾರೆ. ಬೇಸಿಗೆಯಲ್ಲಿ ಕಾಡಿನ ಬೆಂಕಿ ಕಾವಲು ಕೆಲಸಕ್ಕೆ ಹೋಗುತ್ತಾರೆ.

ಮಾರ್ಚ್ ತಿಂಗಳ ಒಂದು ಸಂಜೆ. ಬೆಟ್ಟದ ಮೇಲೆ ಕೆಂಪು ಗೆರೆಯೊಂದು ಕಾಣಿಸಿತು. ನೋಡನೋಡುತ್ತಿದ್ದಂತೆ ಅದು ಉದ್ದವಾಯಿತು. “ಅಪ್ಪಾ, ಬೆಂಕಿ!” ಎಂದು ಮಾದೇವಿ ಕೂಗಿದಳು. ಅಷ್ಟರಲ್ಲಿ ಅಪ್ಪನ ಫೋನು ಮೊಳಗಿತು. ಅವರು ಮಚ್ಚು, ನೀರಿನ ಬಾಟಲಿ ಹಿಡಿದು ಓಡಿದರು.

ಆ ರಾತ್ರಿ ಮನೆಯಲ್ಲಿ ಯಾರೂ ನಿದ್ದೆ ಮಾಡಲಿಲ್ಲ. ಅವ್ವ ಬಾಗಿಲಲ್ಲೇ ಕುಳಿತಿದ್ದಳು. ಗಾಳಿಯಲ್ಲಿ ಸುಟ್ಟ ಹುಲ್ಲಿನ ವಾಸನೆ ಬರುತ್ತಿತ್ತು.

ಬೆಳಗಿನ ಜಾವ ಅಪ್ಪ ಹಿಂತಿರುಗಿದರು. ಮುಖ ಕಪ್ಪಾಗಿತ್ತು. ಅಂಗಾಲಿನಲ್ಲಿ ಬೊಬ್ಬೆಗಳಿದ್ದವು.

“ಬೆಂಕಿಯನ್ನು ಹೇಗಪ್ಪಾ ಆರಿಸಿದಿರಿ? ಅಲ್ಲಿ ನೀರಿಲ್ಲವಲ್ಲ?” ಎಂದು ಮಾದೇವಿ ಕೇಳಿದಳು.

“ಹಸಿ ಸೊಪ್ಪಿನ ಕೊಂಬೆಗಳಿಂದ ಬಡಿದೆವು ಕಣವ್ವ. ದಾರಿಯ ಕಡೆ ಬೆಂಕಿ ಗೆರೆ ಇತ್ತು. ಅಲ್ಲಿ ಬೆಂಕಿ ತಾನಾಗಿ ನಿಂತಿತು. ಹಳ್ಳದ ಕಡೆ ಈ ವರ್ಷ ಗೆರೆ ತೆಗೆದಿರಲಿಲ್ಲ. ಆ ಕಡೆ ಕಾಡು ಉಳಿಯಲಿಲ್ಲ.”

“ಅಲ್ಲಿ ಯಾಕೆ ಗೆರೆ ತೆಗೆಯಲಿಲ್ಲ?”

“ಹಣ ತಡವಾಗಿ ಬಂತು. ಅಷ್ಟರಲ್ಲಿ ಹುಲ್ಲೆಲ್ಲ ಒಣಗಿತ್ತು. ಆಗ ಗೆರೆಗೆ ಬೆಂಕಿ ಇಟ್ಟರೆ ಅದೇ ಕಾಡನ್ನು ಸುಡುತ್ತದೆ” ಎಂದು ಹೇಳಿ ಅಪ್ಪ ಗೋಡೆಗೆ ಒರಗಿದರು.

ಮಾದೇವಿ ಶಾಲೆಗೆ ಹೋದಳು. ಅವಳ ಮನಸ್ಸಿನಲ್ಲಿ ಅದೇ ಮಾತು ಸುಳಿಯುತ್ತಿತ್ತು. “ಮೇಷ್ಟ್ರೇ, ಬೆಂಕಿ ಗೆರೆ ಎಂದರೇನು? ಅದಕ್ಕೆ ಹಣ ಯಾರು ಕೊಡುತ್ತಾರೆ?” ಎಂದು ಕೇಳಿದಳು.

ಮೇಷ್ಟ್ರು ಕರಿಹಲಗೆಯ ಮೇಲೆ ಒಂದು ಕಾಡನ್ನು ಬರೆದು, ನಡುವೆ ಅಗಲವಾದ ಪಟ್ಟಿಯೊಂದನ್ನು ಎಳೆದರು. “ಒಣ ಹುಲ್ಲು, ತರಗೆಲೆಗಳೇ ಬೆಂಕಿಯ ಆಹಾರ. ಚಳಿಗಾಲದಲ್ಲಿ ಕಾಡಿನ ದಾರಿಗಳ ಪಕ್ಕದ ಹುಲ್ಲು, ಪೊದೆಗಳನ್ನು ಕತ್ತರಿಸುತ್ತಾರೆ. ಅವನ್ನು ಕಾವಲು ನಿಂತು ಎಚ್ಚರಿಕೆಯಿಂದ ಸುಡುತ್ತಾರೆ. ಸುತ್ತಲಿನ ಹುಲ್ಲಿನಲ್ಲಿ ಇನ್ನೂ ಪಸೆ ಇರುವುದರಿಂದ ಬೆಂಕಿ ಹರಡುವುದಿಲ್ಲ. ಹೀಗೆ ಬರಿದಾದ ಪಟ್ಟಿಯೇ ಬೆಂಕಿ ಗೆರೆ. ಬೇಸಿಗೆಯಲ್ಲಿ ಕಾಡ್ಗಿಚ್ಚು ಅಲ್ಲಿಗೆ ಬಂದಾಗ ತಿನ್ನಲು ಏನೂ ಸಿಗುವುದಿಲ್ಲ” ಎಂದರು.

ಅನಂತರ ಮೇಜಿನ ಮೇಲೆ ಹತ್ತು ಹುಣಸೆ ಬೀಜಗಳನ್ನು ಇಟ್ಟರು.

“ಕಾಡು ಕಾಯಲು ಸರ್ಕಾರ ಹಣ ಕೊಡುತ್ತದೆ. ಕೇಂದ್ರ ಸರ್ಕಾರವು 2017–18ರಲ್ಲಿ ಕಾಡ್ಗಿಚ್ಚು ತಡೆ ಮತ್ತು ನಿರ್ವಹಣಾ ಯೋಜನೆಯನ್ನು ಆರಂಭಿಸಿತು. ಈ ಯೋಜನೆಯ ಖರ್ಚು ಹತ್ತು ರೂಪಾಯಿ ಎಂದುಕೊಳ್ಳಿ. ಆರು ರೂಪಾಯಿ ಕೇಂದ್ರದ ಪಾಲು, ನಾಲ್ಕು ರೂಪಾಯಿ ರಾಜ್ಯದ ಪಾಲು. ಹಿಮಾಲಯದ ಮತ್ತು ಈಶಾನ್ಯದ ರಾಜ್ಯಗಳಿಗೆ ಕೇಂದ್ರವು ಒಂಬತ್ತು ರೂಪಾಯಿ ಕೊಡುತ್ತದೆ. ಗೆರೆ ತೆಗೆಯುವುದು, ಕಾವಲುಗಾರರ ಕೂಲಿ, ಕಾವಲು ಗೋಪುರ, ಬೆಂಕಿ ಆರಿಸುವ ಉಪಕರಣಗಳು, ಇವೆಲ್ಲಕ್ಕೂ ಹಣ ಬೇಕು.”

“ಸರ್ಕಾರಕ್ಕೆ ಹಣ ಎಲ್ಲಿಂದ ಬರುತ್ತದೆ?” ಎಂದು ಬಸವಣ್ಣ ಕೇಳಿದ.

“ನಮ್ಮಿಂದಲೇ. ನೀನು ಅಂಗಡಿಯಲ್ಲಿ ಒಂದು ಬೆಂಕಿಪೊಟ್ಟಣ ಕೊಂಡರೂ ಅದರ ಬೆಲೆಯಲ್ಲಿ ತೆರಿಗೆ ಸೇರಿರುತ್ತದೆ.”

“ಹಾಗಾದರೆ ಕಾಡು ಕಾಯುವುದು ನಮ್ಮ ಹಣ!” ಎಂದಳು ಮಾದೇವಿ.

“ಹೌದಮ್ಮ. ಆ ಹಣ ಸಕಾಲಕ್ಕೆ ತಲುಪಬೇಕು. ಮಳೆ ಬಂದ ಮೇಲೆ ಮನೆಗೆ ಹೆಂಚು ಹೊದಿಸಿದರೆ ಏನು ಪ್ರಯೋಜನ? ಬೆಂಕಿ ಹತ್ತಿದ ಮೇಲಿನ ಖರ್ಚು ದೊಡ್ಡದು. 2019ರ ಫೆಬ್ರವರಿಯಲ್ಲಿ ಕರ್ನಾಟಕದ ಬಂಡೀಪುರದ ಕಾಡಿಗೆ ಬೆಂಕಿ ಬಿತ್ತು. ವಾಯುಪಡೆಯ ಹೆಲಿಕಾಪ್ಟರುಗಳು ಬಂದು ನೀರು ಸುರಿದವು. ಅಷ್ಟರಲ್ಲಿ ಸಾವಿರಾರು ಎಕರೆ ಕಾಡು ಸುಟ್ಟುಹೋಗಿತ್ತು.”

“ಮನುಷ್ಯರಿಗೂ ಅಪಾಯ ಅಲ್ಲವೇ?” ಎಂದು ಮಾದೇವಿ ಮೆಲ್ಲಗೆ ಕೇಳಿದಳು. ಅವಳಿಗೆ ಅಪ್ಪನ ಕಾಲು ನೆನಪಾಯಿತು.

“ಅಪಾಯವೇ. 2018ರ ಮಾರ್ಚ್ 11ರಂದು ನಮ್ಮ ರಾಜ್ಯದ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋದವರು ಕಾಡ್ಗಿಚ್ಚಿನಲ್ಲಿ ಸಿಲುಕಿದರು. ಇಪ್ಪತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಅದೇ ವರ್ಷ ಕೇಂದ್ರ ಸರ್ಕಾರ ಇಡೀ ದೇಶಕ್ಕಾಗಿ ಕಾಡ್ಗಿಚ್ಚಿನ ಕ್ರಿಯಾ ಯೋಜನೆಯನ್ನು ಹೊರತಂದಿತು. ಕಾಡಂಚಿನ ಜನರನ್ನು ಜೊತೆಗೆ ಸೇರಿಸಿಕೊಂಡೇ ಕಾಡನ್ನು ಕಾಯಬೇಕು ಎಂಬುದು ಅದರ ಒಂದು ಮುಖ್ಯ ಮಾತು. ಈಗ ಉಪಗ್ರಹಗಳೂ ಸಹಾಯ ಮಾಡುತ್ತವೆ. ಅವು ಆಕಾಶದಿಂದ ಕಾಡಿನಲ್ಲಿರುವ ಬೆಂಕಿಯ ಬಿಸಿಯನ್ನು ಗುರುತಿಸುತ್ತವೆ. ಡೆಹರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯು 2004ರಿಂದ ರಾಜ್ಯಗಳಿಗೆ ಬೆಂಕಿಯ ಸುದ್ದಿ ಕಳುಹಿಸುತ್ತಿದೆ. ಆದರೆ ಸುದ್ದಿ ಬೆಂಕಿಯನ್ನು ಆರಿಸುವುದಿಲ್ಲ. ನಿನ್ನ ಅಪ್ಪನಂಥವರು ಓಡಿಹೋಗಿ ಆರಿಸಬೇಕು.”

ಮೇಷ್ಟ್ರು ಮುಂದುವರಿಸಿದರು: “ಇನ್ನೊಂದು ಮಾತು ಮರೆಯಬೇಡಿ. ನಮ್ಮ ದೇಶದ ಕಾಡ್ಗಿಚ್ಚುಗಳಲ್ಲಿ ಬಹುಪಾಲು ಮನುಷ್ಯರಿಂದಲೇ ಹುಟ್ಟುತ್ತವೆ. ಬೀಡಿಯ ತುಂಡು, ಆರಿಸದೆ ಬಿಟ್ಟ ಒಲೆ, ಹೊಸ ಹುಲ್ಲು ಬರಲೆಂದು ಇಟ್ಟ ಕಿಡಿ ಸಾಕು.”

ಅಕ್ಟೋಬರ್ 2ರಂದು ಊರಿನಲ್ಲಿ ಗ್ರಾಮಸಭೆ ಸೇರಿತು. ಅರಣ್ಯ ಇಲಾಖೆಯವರೂ ಬಂದಿದ್ದರು. ಮಾದೇವಿ ಒಂದು ಚೀಟಿ ಬರೆದು ಅಪ್ಪನ ಕೈಗೆ ಕೊಟ್ಟಿದ್ದಳು. ಅಪ್ಪ ಎದ್ದು ನಿಂತು ಓದಿದರು: “ಹಳ್ಳದ ಕಡೆಯ ಬೆಂಕಿ ಗೆರೆಯನ್ನು ಹುಲ್ಲು ಒಣಗುವ ಮೊದಲೇ ತೆಗೆಯುವಿರಾ?”

ಸಭೆ ಒಂದು ಕ್ಷಣ ಸುಮ್ಮನಾಯಿತು. ಅನಂತರ ಹಿರಿಯರೆಲ್ಲ “ಸರಿಯಾದ ಪ್ರಶ್ನೆ” ಎಂದರು. ಅರಣ್ಯಾಧಿಕಾರಿಗಳು ಅದನ್ನು ಬರೆದುಕೊಂಡರು.

ಡಿಸೆಂಬರಿನ ಒಂದು ಬೆಳಿಗ್ಗೆ ಹಳ್ಳದ ಕಡೆಯಿಂದ ತೆಳುವಾದ ಹೊಗೆ ಎದ್ದಿತು. ಮಾದೇವಿ ಗಾಬರಿಯಿಂದ ಹೊರಗೆ ಓಡಿ ಬಂದಳು. ಇಬ್ಬನಿಯಿಂದ ನೆನೆದ ಹುಲ್ಲಿನ ನಡುವೆ ಅಪ್ಪ ಮತ್ತು ಜೊತೆಗಾರರು ಸಾಲಾಗಿ ನಿಂತಿದ್ದರು. ಅವರು ಗೆರೆ ತೆಗೆಯುತ್ತಿದ್ದರು. ಅಂದು ಅವ್ವ ಬಾಗಿಲಲ್ಲಿ ಕಾಯುತ್ತ ಕೂರಲಿಲ್ಲ. ಹಿಟ್ಟಿನ ಬುತ್ತಿ ಕಟ್ಟಿ ಹೊಲಕ್ಕೆ ಹೊರಟಳು.

ಅಭ್ಯಾಸ

ಪದಗಳ ಅರ್ಥ
ಕಾಡ್ಗಿಚ್ಚು – ಕಾಡಿನಲ್ಲಿ ಹರಡುವ ಬೆಂಕಿ
ಪಸೆ – ತೇವ
ಚಾರಣ – ಬೆಟ್ಟ, ಕಾಡುಗಳಲ್ಲಿ ನಡೆದು ಹೋಗುವುದು
ಸಕಾಲ – ತಕ್ಕ ಸಮಯ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಮಾದೇವಿಯ ಅಪ್ಪ ಬೇಸಿಗೆಯಲ್ಲಿ ಯಾವ ಕೆಲಸ ಮಾಡುತ್ತಾರೆ?
2. ಬೆಂಕಿಯ ಆಹಾರ ಯಾವುದು?
3. ಕುರಂಗಣಿ ಬೆಟ್ಟ ಯಾವ ಜಿಲ್ಲೆಯಲ್ಲಿದೆ?

ಆ. ಎರಡು ಮೂರು ವಾಕ್ಯಗಳಲ್ಲಿ ಉತ್ತರಿಸಿರಿ.
1. ಬೆಂಕಿ ಗೆರೆಯನ್ನು ಚಳಿಗಾಲದಲ್ಲೇ ಏಕೆ ತೆಗೆಯಬೇಕು?
2. “ಕಾಡು ಕಾಯುವುದು ನಮ್ಮ ಹಣ” ಎಂದು ಮಾದೇವಿ ಏಕೆ ಹೇಳಿದಳು?

ಇ. ಲೆಕ್ಕ ಮಾಡಿರಿ.
ಯೋಜನೆಯ ಖರ್ಚು 100 ರೂಪಾಯಿ ಆದರೆ ತಮಿಳುನಾಡಿನ ಪಾಲು ಎಷ್ಟು? ಕೇಂದ್ರದ ಪಾಲು ಎಷ್ಟು?

ಈ. ಮಾಡಿ ನೋಡಿರಿ.
ನಿಮ್ಮ ಊರಿನ ಗ್ರಾಮಸಭೆಯಲ್ಲಿ ಕೇಳಬೇಕಾದ ಒಂದು ಪ್ರಶ್ನೆಯನ್ನು ಬರೆಯಿರಿ. ಅದನ್ನು ತರಗತಿಯಲ್ಲಿ ಓದಿ ಹೇಳಿರಿ.